ಹಳ್ಳ ಹೇಗೆ ಗುಡ್ಡವಾಯಿತು?

ನಮ್ಮ ಸೋದರಮಾವ ಲಾರಿ ಓಡಿಸುತ್ತಾರೆ. ಗುಜರಾತಿನ ಕಾಂಡ್ಲಾ ಬಂದರಿಗೆ ಹೋಗಿದ್ದಾಗ ಭುಜ್ ಕಡೆಯ ಒಂದು ಗುಡ್ಡದ ಹತ್ತಿರ ಸಿಕ್ಕಿತು ಅಂತ ನನಗೆ ಒಂದು ಕಲ್ಲು ತಂದುಕೊಟ್ಟರು. ಅದರ ಮೇಲೆ ಟಗರಿನ ಕೊಂಬಿನ ಹಾಗೆ ಸುರುಳಿ ಇದೆ. ಯಾರೋ ಕೆತ್ತಿದ್ದಾರೆ ಅಂದ್ಕೊಂಡೆ. ವಿಜ್ಞಾನದ ಮೇಷ್ಟ್ರು ನೋಡಿ, "ಇದು ಅಮೊನೈಟ್ ಕಣೋ, ಸಮುದ್ರದ ಪ್ರಾಣಿಯ ಚಿಪ್ಪು, ಕಲ್ಲಾಗಿದೆ" ಅಂದರು. ಸಮುದ್ರದ ಪ್ರಾಣಿಗೆ ಗುಡ್ಡದಲ್ಲೇನು ಕೆಲಸ? ಅವರನ್ನು ಕೇಳಿ, ಅವರು ಕೊಟ್ಟ ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸುಮಾರು 20 ಕೋಟಿ ವರ್ಷಗಳ ಹಿಂದೆ ನಮ್ಮ ಭಾರತ ಈಗಿನ ಜಾಗದಲ್ಲಿ ಇರಲಿಲ್ಲ. ಆಫ್ರಿಕಾ, ಮಡಗಾಸ್ಕರ್, ಆಸ್ಟ್ರೇಲಿಯಾಗಳ ಜೊತೆ ಗೊಂಡ್ವಾನ ಎಂಬ ದೊಡ್ಡ ಭೂಖಂಡದಲ್ಲಿ ಸೇರಿಕೊಂಡಿತ್ತು. ಅದು ಒಡೆಯಲು ಶುರುವಾದಾಗ ಈಗಿನ ಕಛ್ ಪ್ರದೇಶದ ನೆಲವನ್ನು ಎರಡು ಕಡೆಯಿಂದ ಜಗ್ಗಿದ ಹಾಗಾಯಿತು. ಬಂಡೆಗಳು ಓರೆಯಾಗಿ ಬಿರುಕು ಬಿಟ್ಟವು. ಇಂಥ ಬಿರುಕಿಗೆ ಸ್ತರಭಂಗ ಅಂತ ಹೆಸರು. ಬಿರುಕುಗಳ ನಡುವಿನ ನೆಲ ಕುಸಿದು ಹಳ್ಳವಾಯಿತು, ಹಳ್ಳಕ್ಕೆ ಸಮುದ್ರ ನುಗ್ಗಿತು. ಕೋಟಿಗಟ್ಟಲೆ ವರ್ಷ ಮರಳು, ಕೆಸರು, ಚಿಪ್ಪು ಪದರ ಪದರವಾಗಿ ಕೂತು ಕಲ್ಲಾದವು. ನನ್ನ ಅಮೊನೈಟ್ ಆ ಕೆಸರಿನದು.

ಆಮೇಲೆ ಜಗ್ಗಾಟ ನಿಂತಿತು. ಭಾರತ ಬೇರೆಯಾಗಿ ಉತ್ತರಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಹಿಮಾಲಯ ಎದ್ದದ್ದು ಇದರಿಂದಲೇ. ಈ ಡಿಕ್ಕಿ ಇನ್ನೂ ಮುಗಿದಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಈಗಲೂ ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ. ಆ ಒತ್ತಡ ದೂರದ ಕಛ್‌ಗೂ ತಟ್ಟುತ್ತದೆ. ಒಂದು ಕಾಲದಲ್ಲಿ ಜಗ್ಗಿದ ನೆಲವನ್ನೇ ಈಗ ಅಮುಕುತ್ತಿದೆ.

ಇದು ತಲೆಗೆ ಹತ್ತಲಿಲ್ಲ. ಅದಕ್ಕೆ ಅಮ್ಮನ ಬಟ್ಟೆ ಸೋಪಿನ ಉದ್ದ ಬಾರ್ ತಗೊಂಡು ದಾರದಿಂದ ಎರಡು ಕಡೆ ಓರೆಯಾಗಿ ಕೊಯ್ದೆ. ನಡುವಿನ ತುಂಡು ಬೆಣೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಎರಡು ಇಟ್ಟಿಗೆ ನಡುವೆ ಸಂದು ಬಿಟ್ಟು, ಸೋಪನ್ನು ಒದ್ದೆ ಮಾಡಿ ಅದರ ಮೇಲಿಟ್ಟು ಎರಡು ತುದಿ ಮೆಲ್ಲಗೆ ಎಳೆದೆ. ನಡುವಿನ ತುಂಡು ಕೆಳಕ್ಕೆ ಜಾರಿತು. ಆ ಹಳ್ಳಕ್ಕೆ ಒದ್ದೆ ಮರಳು ತುಂಬಿ, ತುದಿಗಳನ್ನು ಒಳಕ್ಕೆ ಒತ್ತಿದೆ. ಅದೇ ಓರೆಗಳ ಮೇಲೆ ತುಂಡು ಹಿಂದಕ್ಕೆ ಹತ್ತಿತು, ಮರಳು ಮಾತ್ರ ದಿಬ್ಬವಾಗಿ ಮೇಲೆ ನಿಂತಿತು! ಎರಡು ಸಲ ಕೆಟ್ಟು ಮೂರನೇ ಸಲಕ್ಕೆ ಸರಿಯಾಯ್ತು. ಅಮ್ಮ ಬೈದರು, ಅದು ಬೇರೆ ಮಾತು. ಕಛ್‌ನಲ್ಲಿ ಗುಡ್ಡದ ಸಾಲುಗಳು ಹೀಗೇ ಹಳೆ ಬಿರುಕುಗಳ ಗುಂಟ ಪೂರ್ವ ಪಶ್ಚಿಮವಾಗಿ ಎದ್ದಿವೆ. ಹಳ್ಳದ ತಳದ ಚಿಪ್ಪು ಗುಡ್ಡಕ್ಕೆ ಬಂದದ್ದು ಹೀಗೆ.

"ಒತ್ತಿದರೆ ಹೊಸದಾಗಿ ಒಡೀಬಹುದಲ್ವಾ, ಹಳೇ ಬಿರುಕೇ ಯಾಕೆ?" ಅಂತ ನನ್ನ ಪಕ್ಕ ಕೂರುವವನು ಕೇಳಿದ. ಒಳ್ಳೆ ಪ್ರಶ್ನೆ. ಸೌದೆ ಒಡೆಯುವಾಗ ನಮ್ಮಪ್ಪ ಮೊದಲು ಸೀಳು ಎಲ್ಲಿದೆ ಅಂತ ನೋಡಿ ಅಲ್ಲಿಗೇ ಕೊಡಲಿ ಹಾಕ್ತಾರೆ. ಗಟ್ಟಿ ಬಂಡೆಯನ್ನು ಹೊಸದಾಗಿ ಮುರಿಯುವುದಕ್ಕಿಂತ ಮುರಿದ ಕಡೆ ಜಾರಿಸುವುದು ಸುಲಭ. ಬಿರುಕಿನಲ್ಲಿ ಪುಡಿಯಾದ ಕಲ್ಲು, ಜೇಡಿ ಇರುತ್ತದೆ. ನೀರು ಸೇರಿದರೆ ಇನ್ನೂ ಸಲೀಸು. ಒಂದು ವಿಚಿತ್ರವೂ ಇದೆ. ಜಗ್ಗಿದಾಗ ಆಗುವ ಬಿರುಕು ಸಾಮಾನ್ಯವಾಗಿ ಸುಮಾರು 60 ಡಿಗ್ರಿ ಕಡಿದಾಗಿರುತ್ತದೆ. ಒತ್ತಿದಾಗ ಹೊಸ ಬಂಡೆ ಒಡೆದರೆ ಸುಮಾರು 30 ಡಿಗ್ರಿಗೆ ಮಲಗಿದ ಹಾಗೆ ಒಡೆಯುತ್ತದೆ. ಅಂದ್ರೆ ಹಳೆ ಬಿರುಕಿನ ಓರೆ ಒತ್ತಡಕ್ಕೆ ಅನುಕೂಲವಾದದ್ದಲ್ಲ. ಆದರೂ ಜಾರುತ್ತದೆ, ಅಷ್ಟು ಬಲಹೀನ ಅದು.

ಆದರೆ ದಿನಾ ಸ್ವಲ್ಪ ಸ್ವಲ್ಪ ಜಾರುವುದಿಲ್ಲ. ಎಷ್ಟೋ ಕಾಲ ಕಚ್ಚಿಕೊಂಡಿದ್ದು ಒಂದೇ ಸಲ ಜಾರುತ್ತದೆ. ಅದೇ ಭೂಕಂಪ. 1819ರ ಜೂನ್ 16ರಂದು ಕಛ್‌ನ ರಣ್ ಬಯಲಿನಲ್ಲಿ ಸುಮಾರು 80 ಕಿ.ಮೀ. ಉದ್ದಕ್ಕೆ ನೆಲ ಎದ್ದು ಒಡ್ಡು ಹಾಕಿದ ಹಾಗಾಯಿತು. ಕೆಲವು ಕಡೆ 3 ಮೀಟರಿಗೂ ಎತ್ತರ! ಅದರ ದಕ್ಷಿಣಕ್ಕೆ ನೆಲ ತಗ್ಗಿ ಸಿಂದ್ರಿ ಕೋಟೆ ನೀರಿನಲ್ಲಿ ಮುಳುಗಿತು. ಮನುಷ್ಯರು ಕಟ್ಟಿದ್ದಲ್ಲವಲ್ಲ, ಅದಕ್ಕೆ ಜನ ಅದನ್ನು ಅಲ್ಲಾ ಬಂದ್, ಅಂದ್ರೆ ದೇವರ ಒಡ್ಡು ಅಂತ ಕರೆದರು.

2001ರ ಜನವರಿ 26, ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಭಚಾವು ಹತ್ತಿರ ಮತ್ತೆ ಜಾರಿತು. ತೀವ್ರತೆ 7.7. ಈ ಸಲ ಬಿರುಕು ನೆಲದ ಮೇಲಿನವರೆಗೆ ಬರಲೇ ಇಲ್ಲ, ಎಲ್ಲಾ ಆಳದಲ್ಲೇ ಆಯಿತು. ಆಮೇಲೆ ಬಂದ ಸಣ್ಣ ಕಂಪನಗಳನ್ನು ಅಳೆದು ಅದು ಎಲ್ಲಿದೆ ಅಂತ ಹುಡುಕಬೇಕಾಯಿತು. ಸತ್ತವರು 13,000ಕ್ಕೂ ಹೆಚ್ಚು. ಅಂಜಾರ್ ಎಂಬ ಊರಿನಲ್ಲಿ ಶಾಲೆಯ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕಿರಿದಾದ ಬೀದಿಯಲ್ಲಿ ಹೋಗುತ್ತಿದ್ದರು. ಎರಡೂ ಕಡೆಯ ಕಟ್ಟಡಗಳು ಮೇಲೆ ಬಿದ್ದು 185 ಮಕ್ಕಳು, 20 ಶಿಕ್ಷಕರು ತೀರಿಕೊಂಡರು. ಅವರ ನೆನಪಿಗೆ ಕಟ್ಟಿದ ವೀರ ಬಾಲಕ ಸ್ಮಾರಕ 2022ರಲ್ಲಿ ಉದ್ಘಾಟನೆಯಾಯಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಮೆರವಣಿಗೆಯೂ ಅಷ್ಟು ಹೊತ್ತಿಗೇ ಅಂಗಡಿ ಬೀದಿಯಲ್ಲಿರುತ್ತೆ.

ಕಲ್ಲನ್ನು ವಿಜ್ಞಾನದ ಬೀರುವಿನಲ್ಲಿ ಇಟ್ಟಿದ್ದೇವೆ, ಯಾರು ಬೇಕಾದರೂ ಮೇಷ್ಟ್ರನ್ನು ಕೇಳಿ ನೋಡಬಹುದು. ಮಾವ ಮುಂದಿನ ತಿಂಗಳು ಮತ್ತೆ ಕಾಂಡ್ಲಾಕ್ಕೆ ಹೋಗ್ತಾರಂತೆ. ಅಂಜಾರ್ ಅಲ್ಲಿಗೆ ಹತ್ತಿರವೇ. ಆ ಸ್ಮಾರಕ ನೋಡಿಕೊಂಡು ಬನ್ನಿ ಅಂತ ಹೇಳಿದ್ದೇನೆ.