ಕನ್ನಡ ತರಗತಿಯಲ್ಲಿ ಮೊಬೈಲ್: ಪಠ್ಯದ ರೂಪ ಮತ್ತು ಓದಿನ ಕ್ರಮ

೧. ಪೀಠಿಕೆ

ಬರವಣಿಗೆಯ ಪ್ರತಿಯೊಂದು ಸಾಧನವೂ ತನಗೆ ತಕ್ಕ ಓದಿನ ಕ್ರಮವೊಂದನ್ನು ರೂಪಿಸುತ್ತದೆ. ಓಲೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಪದ್ಯ ಸಾಗುತ್ತಿತ್ತು. ಪದಚ್ಛೇದ ಮಾಡಿಕೊಳ್ಳುವ ಹೊಣೆ ಓದುವವನದೇ ಆಗಿತ್ತು. ೧೮೯೮ರಲ್ಲಿ ಬಿ. ಎಲ್. ರೈಸ್ ಅವರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಪಂಪಭಾರತ, ಕವಿರಾಜಮಾರ್ಗಗಳು ಅಚ್ಚಾದಾಗ ಹಳಗನ್ನಡ ಕಾವ್ಯವು ಓಲೆಯ ಕಟ್ಟುಗಳಿಂದ ತರಗತಿಯ ಮೇಜಿಗೆ ಬರುವ ದಾರಿ ತೆರೆಯಿತು. ಒಂದೇ ಪಾಠವನ್ನು ಹಲವರು ಏಕಕಾಲದಲ್ಲಿ ಓದಿ ಚರ್ಚಿಸುವುದು ಮುದ್ರಣದಿಂದ ಸಾಧ್ಯವಾಯಿತು. ಇಂದು ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲ್ ಸಾಧನ ಓದಿನಲ್ಲಿ ಯಾವ ಬದಲಾವಣೆಯನ್ನು ತರುತ್ತಿದೆ ಎಂಬ ಪ್ರಶ್ನೆಯನ್ನು ಕನ್ನಡ ಅಧ್ಯಾಪಕರು ಎದುರಿಸಲೇಬೇಕಾಗಿದೆ.

ಸದ್ಯದ ರೂಢಿಯನ್ನು ಗಮನಿಸಿದರೆ ಉತ್ತರ ಅಷ್ಟೇನೂ ಸಮಾಧಾನಕರವಲ್ಲ. ಸಿದ್ಧ ಟಿಪ್ಪಣಿಗಳ ಚಿತ್ರಗಳು, ಪಿಡಿಎಫ್ ಕಡತಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ವಿದ್ಯಾರ್ಥಿಯ ಕೈಗೆ ಸಿಗುವುದು ಕಾವ್ಯದ ಸಾರಾಂಶವೇ ಹೊರತು ಕಾವ್ಯವಲ್ಲ. ಪಂಪನ ಒಂದು ಪದ್ಯವನ್ನೂ ಬಿಡಿಸಿ ಓದದೆ ಪಂಪನನ್ನು ಕುರಿತು ಐದು ಪುಟಗಳ ಉತ್ತರ ಬರೆಯುವುದು ಸಾಧ್ಯವಾಗಿದೆ. ಸಾಹಿತ್ಯದ ತರಗತಿಯಿಂದ ಪಠ್ಯವೇ ಮರೆಯಾಗುವುದಾದರೆ ನಮ್ಮ ಶಿಸ್ತಿಗೆ ಉಳಿಯುವ ಆಧಾರವಾದರೂ ಯಾವುದು?

ಮೊಬೈಲನ್ನು ಪಾಠ ತಲುಪಿಸುವ ಸಾಧನವೆಂದು ಮಾತ್ರ ಬಳಸಿದಾಗ ಓದು ಸೊರಗುತ್ತದೆ, ಪಠ್ಯವನ್ನು ಶೋಧಿಸುವ ಹಾಗೂ ಹೋಲಿಸುವ ಸಾಧನವಾಗಿ ಬಳಸಿದಾಗ ಓದು ಬಲಗೊಳ್ಳುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಈ ಎರಡನೆಯ ಬಳಕೆಗೆ ಬೇಕಾದ ಭಾಷಿಕ ಸಿದ್ಧತೆ ಯಾವುದು, ತರಗತಿಯಲ್ಲಿ ಅದನ್ನು ಅಳವಡಿಸುವುದು ಹೇಗೆ, ಅದರ ಮಿತಿಗಳೇನು ಎಂಬುದನ್ನು ಮುಂದೆ ವಿವರಿಸಲಾಗಿದೆ.

೨. ತಲುಪಿಸುವ ಸಾಧನವಾಗಿ ತಂತ್ರಜ್ಞಾನ

ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆ ನಮ್ಮಲ್ಲಿ ಬಹುಮಟ್ಟಿಗೆ ‘ತಲುಪಿಸುವ’ ಕಲ್ಪನೆಯಲ್ಲಿಯೇ ಬೆಳೆದುಬಂದಿದೆ. ೨೦೦೪ರ ಸೆಪ್ಟೆಂಬರ್ ೨೦ರಂದು ಇಸ್ರೋ ಉಡಾಯಿಸಿದ ಎಜುಸ್ಯಾಟ್ ಉಪಗ್ರಹದ ಆರಂಭಿಕ ಪ್ರಯೋಗಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿದ್ದವು. ಒಂದೆಡೆ ನಡೆದ ಪಾಠ ದೂರದ ಶಾಲೆಗೆ ತಲುಪುವುದು ಅಲ್ಲಿನ ಉದ್ದೇಶವಾಗಿತ್ತು. ೨೦೧೭ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯು ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಕ್ಯೂಆರ್ ಸಂಕೇತದ ಮೂಲಕ ಪೂರಕ ಸಾಮಗ್ರಿಯನ್ನು ಮೊಬೈಲಿಗೆ ತಂದಿತು. ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲಾ ಕಾಲೇಜುಗಳು ಮುಚ್ಚಿದಾಗ ಅದೇ ಸಾಧನವು ಅನಿವಾರ್ಯ ತರಗತಿಯಾಯಿತು. ಮಲೆನಾಡಿನ ಹಳ್ಳಿಗಳ ವಿದ್ಯಾರ್ಥಿಗಳು ಸಂಕೇತ ಸಿಗುವ ಗುಡ್ಡಗಳನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿಯನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಪ್ರಯತ್ನಗಳ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಇವುಗಳಲ್ಲಿ ಅಧ್ಯಾಪಕ ಹೇಳುವವನಾಗಿಯೂ ವಿದ್ಯಾರ್ಥಿ ಪಡೆಯುವವನಾಗಿಯೂ ಉಳಿದರು. ಯುನೆಸ್ಕೋ ತನ್ನ ೨೦೨೩ರ ಜಾಗತಿಕ ಶಿಕ್ಷಣ ವರದಿಯಲ್ಲಿ ತಂತ್ರಜ್ಞಾನವು ಕಲಿಯುವವರ ಹಿತಕ್ಕೆ ಅನುಗುಣವಾಗಿರಬೇಕು, ಅಧ್ಯಾಪಕರೊಡನೆ ನಡೆಯುವ ಮುಖಾಮುಖಿ ಕಲಿಕೆಯ ಸ್ಥಾನವನ್ನು ಅದು ಆಕ್ರಮಿಸಬಾರದು ಎಂದು ಎಚ್ಚರಿಸಿದೆ. ಮೊಬೈಲನ್ನು ತರಗತಿಯಿಂದ ಹೊರಗಿಡಬೇಕೆಂಬ ವಾದಕ್ಕೂ ಅದರಿಂದಲೇ ಎಲ್ಲವೂ ಸಾಧ್ಯವೆಂಬ ವಾದಕ್ಕೂ ನಡುವೆ, ಯಾವ ಪಾಠಕ್ಕೆ ಯಾವ ಬಳಕೆ ತಕ್ಕದ್ದು ಎಂಬ ವಿವೇಚನೆ ಅಗತ್ಯವಾಗಿದೆ.

೩. ಪಠ್ಯದ ರೂಪ: ಚಿತ್ರವೋ ಅಕ್ಷರವೋ

ಮೊಬೈಲಿನ ಪರದೆಯ ಮೇಲೆ ಕಾಣುವ ಕನ್ನಡವೆಲ್ಲವೂ ಒಂದೇ ಬಗೆಯದಲ್ಲ. ಪುಟದ ಛಾಯಾಚಿತ್ರದಲ್ಲಿ ಅಕ್ಷರಗಳು ನಮ್ಮ ಕಣ್ಣಿಗೆ ಅಕ್ಷರಗಳು. ಯಂತ್ರಕ್ಕೆ ಅವು ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ. ಯೂನಿಕೋಡ್‌ಪೂರ್ವದ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳ ಸ್ಥಿತಿ ಮತ್ತೊಂದು ಬಗೆಯದು. ಅಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕುಳಿತಿರುತ್ತವೆ. ಆ ಅಕ್ಷರಶೈಲಿ ಇಲ್ಲದ ಸಾಧನದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಎದುರಾಗುತ್ತದೆ. ಎರಡು ದಶಕಗಳ ಹಿಂದಿನ ಅನೇಕ ಸಂಶೋಧನ ಪ್ರಬಂಧಗಳು, ಪತ್ರಿಕೆಗಳು ಇಂಥ ಕಡತಗಳಾಗಿಯೇ ಉಳಿದಿವೆ.

ಯೂನಿಕೋಡ್‌ನಲ್ಲಿ ಪ್ರತಿಯೊಂದು ಕನ್ನಡ ವರ್ಣಕ್ಕೂ ಸ್ವತಂತ್ರವಾದ ಸಂಕೇತವಿದೆ. ‘ಕ್ಷ’ ಎಂಬುದು ಅಲ್ಲಿ ಕಕಾರ, ವಿರಾಮ, ಷಕಾರ ಎಂಬ ಮೂರು ಸಂಕೇತಗಳ ಸರಣಿ. ಆದ್ದರಿಂದಲೇ ಪದವನ್ನು ಹುಡುಕುವುದು, ಎಣಿಸುವುದು, ಅಕಾರಾದಿಯಾಗಿ ಜೋಡಿಸುವುದು ಸಾಧ್ಯವಾಗುತ್ತದೆ. ೨೦೧೨ರಲ್ಲಿ ಬಂದ ಆಂಡ್ರಾಯ್ಡ್ ೪.೧ ಆವೃತ್ತಿಯಿಂದ ಕನ್ನಡ ಲಿಪಿಯು ಸಾಮಾನ್ಯ ಮೊಬೈಲುಗಳಲ್ಲಿಯೂ ಸರಿಯಾಗಿ ಮೂಡತೊಡಗಿತು. ತಾಂತ್ರಿಕ ತೊಡಕು ಹೀಗೆ ಬಹುಪಾಲು ನಿವಾರಣೆಯಾದ ಮೇಲೂ ನಾವು ಚಿತ್ರಗಳನ್ನೇ ಹಂಚುತ್ತಿರುವುದು ಅಭ್ಯಾಸಬಲದಿಂದ.

ಇದರಲ್ಲಿ ಆರ್ಥಿಕ ಅಂಶವೂ ಇದೆ. ಯುಟಿಎಫ್-೮ ಕ್ರಮದಲ್ಲಿ ಒಂದು ಕನ್ನಡ ಸಂಕೇತ ೩ ಬೈಟುಗಳನ್ನು ಬಳಸುತ್ತದೆ. ಒಂದು ಅಚ್ಚಿನ ಪುಟದಲ್ಲಿ ೧,೫೦೦ ಸಂಕೇತಗಳಿವೆಯೆಂದು ಭಾವಿಸಿದರೆ ನೂರು ಪುಟಗಳ ಸರಳ ಪಠ್ಯಕಡತವು ೪.೫ ಲಕ್ಷ ಬೈಟುಗಳಷ್ಟು, ಎಂದರೆ ಅರ್ಧ ಮೆಗಾಬೈಟಿಗಿಂತ ಕಡಿಮೆ ಆಗುತ್ತದೆ. ಮೊಬೈಲಿನಲ್ಲಿ ತೆಗೆದ ಒಂದೇ ಛಾಯಾಚಿತ್ರ ಹಲವು ವೇಳೆ ಇದಕ್ಕಿಂತ ದೊಡ್ಡದಾಗಿರುತ್ತದೆ. ಅಂತರಜಾಲದ ಸಂಪರ್ಕ ದುರ್ಬಲವಾಗಿರುವ ಗ್ರಾಮೀಣ ಕಾಲೇಜಿಗೆ ಯೂನಿಕೋಡ್ ಪಠ್ಯವೇ ಅಗ್ಗದ ಹಾಗೂ ಅನುಕೂಲವಾದ ಮಾರ್ಗ.

೪. ಹಳಗನ್ನಡದ ವಿಶೇಷ ಸಮಸ್ಯೆಗಳು

ಆಧುನಿಕ ಗದ್ಯಕ್ಕಿಂತ ಹಳಗನ್ನಡ ಪಠ್ಯದ ಗಣಕೀಕರಣ ಹೆಚ್ಚು ಎಚ್ಚರವನ್ನು ಬೇಡುತ್ತದೆ. ಱ ಮತ್ತು ೞ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಹೆಸರು ಬಿದ್ದಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಲ್ಲು ೨೦೨೧ರ ಯೂನಿಕೋಡ್ ೧೪ನೆಯ ಆವೃತ್ತಿಯಲ್ಲಿ ಸೇರಿತು.

ಬೆರಳಚ್ಚಿನ ಅನುಕೂಲಕ್ಕಾಗಿ ಱಕಾರವನ್ನು ರಕಾರವಾಗಿಯೂ ೞಕಾರವನ್ನು ಳಕಾರವಾಗಿಯೂ ಬರೆದುಕೊಳ್ಳುವುದು ಸಾಮಾನ್ಯ. ಇದರಿಂದಾಗುವ ನಷ್ಟ ಕೇವಲ ಲಿಪಿಯದಲ್ಲ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು ಅಥವಾ ಶತ್ರು. ‘ಕಱೆ’ ಎಂದರೆ ಹಾಲು ಹಿಂಡು, ‘ಕರೆ’ ಎಂದರೆ ಕೂಗು. ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ವಿಂಗಡಿಸಿ ಹೇಳಿದ್ದು ಇಂಥ ವ್ಯತ್ಯಾಸಗಳು ಅಳಿಸಿಹೋಗಬಾರದೆಂದೇ. ಅವನು ಕಾಪಾಡಿದ ಭೇದವನ್ನು ನಮ್ಮ ಕೀಲಿಮಣೆ ಅಳಿಸಬಾರದು.

ಅನುಸ್ವಾರದ ಬದಲಿಗೆ ಅಂಕಿಯ ಸೊನ್ನೆಯನ್ನು ಒತ್ತುವುದು ಮತ್ತೊಂದು ಸಾಮಾನ್ಯ ದೋಷ. ಕಣ್ಣಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಗ್ರಂಥಸಂಪಾದನೆಯಲ್ಲಿ ಲಿಪಿಕಾರರ ಸ್ಖಾಲಿತ್ಯಗಳನ್ನು ಗುರುತಿಸಲು ಕಲಿತ ನಾವು ಬೆರಳಚ್ಚಿನ ಈ ಹೊಸ ಸ್ಖಾಲಿತ್ಯಗಳನ್ನೂ ಗುರುತಿಸಲು ಕಲಿಯಬೇಕಾಗಿದೆ.

೫. ತರಗತಿಯಲ್ಲಿ ಪದಶೋಧ

ಪದಶೋಧದ ಪಾಠವನ್ನು ಹೇಗೆ ರೂಪಿಸಬಹುದೆಂಬುದನ್ನು ವಚನಗಳ ನಿದರ್ಶನದಿಂದ ವಿವರಿಸಬಹುದು. ‘ವಚನ ಸಂಚಯ’ ಜಾಲತಾಣವು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ನಲ್ಲಿ ಹುಡುಕಲು ಬರುವಂತೆ ಒದಗಿಸಿದೆ. ನಾಲ್ಕು ಜನರ ಗುಂಪಿಗೆ ಒಂದು ಮೊಬೈಲ್ ಸಾಕು. ಅಧ್ಯಾಪಕರು ‘ಕಾಯಕ’ ಎಂಬ ಪದವನ್ನು ಕೊಟ್ಟು, ಅದನ್ನು ಯಾವ ಯಾವ ವಚನಕಾರರು ಬಳಸಿದ್ದಾರೆ, ಎಲ್ಲ ಕಡೆಯೂ ಅದು ದುಡಿಮೆ ಎಂಬ ಅರ್ಥದಲ್ಲಿಯೇ ಇದೆಯೇ, ಅದರ ಅಕ್ಕಪಕ್ಕದಲ್ಲಿ ಬರುವ ಪದಗಳು ಯಾವುವು ಎಂಬ ಮೂರು ಪ್ರಶ್ನೆಗಳನ್ನು ಮುಂದಿಡಬಹುದು. ಉತ್ತರವನ್ನು ಮೊದಲೇ ಹೇಳಬಾರದು.

ಹುಡುಕಾಟದ ಮೊದಲ ಹಂತದಲ್ಲಿಯೇ ಭಾಷೆಯ ಪಾಠ ಆರಂಭವಾಗುತ್ತದೆ. ಪಠ್ಯದಲ್ಲಿ ‘ಕಾಯ’ ಎಂದಷ್ಟೇ ಹುಡುಕಿದರೆ ದೇಹವೆಂಬರ್ಥದ ಕಾಯ, ಕಾಪಾಡು ಎಂಬರ್ಥದ ‘ಕಾಯುವ’, ಮರದ ‘ಕಾಯಿ’, ‘ಕಾಯಕ’ ಎಲ್ಲವೂ ಒಟ್ಟಿಗೆ ಬರುತ್ತವೆ. ಯಂತ್ರ ಹುಡುಕುವುದು ರೂಪವನ್ನು. ಅರ್ಥವನ್ನು ವಿಂಗಡಿಸಬೇಕಾದವನು ವಿದ್ಯಾರ್ಥಿ. ಆ ವಿಂಗಡಣೆಗಾಗಿ ಅವನು ಪ್ರತಿಯೊಂದು ವಚನವನ್ನೂ ಓದಲೇಬೇಕಾಗುತ್ತದೆ. ಸಿದ್ಧ ಟಿಪ್ಪಣಿ ತಪ್ಪಿಸಿದ್ದ ಓದು ಇಲ್ಲಿ ಅನಿವಾರ್ಯವಾಗಿ ಮರಳಿ ಬರುತ್ತದೆ.

ಹುಡುಕಾಟದ ವೈಫಲ್ಯವೂ ಪಾಠವೇ. ಹಳಗನ್ನಡ ಪಠ್ಯದಲ್ಲಿ ‘ಹೆಸರು’ ಎಂದು ಹುಡುಕಿದ ವಿದ್ಯಾರ್ಥಿಗೆ ಏನೂ ಸಿಗದೆ, ‘ಪೆಸರ್’ ಎಂದು ಹುಡುಕಿದಾಗ ಸಿಕ್ಕರೆ, ಪಕಾರವು ಹಕಾರವಾದ ಚರಿತ್ರೆ ಅವನ ಸ್ವಂತ ಅನುಭವವಾಗುತ್ತದೆ. ‘ಹೊತ್ತು’ ಎಂಬುದಕ್ಕೆ ‘ಪೊೞ್ತು’ ಎಂಬ ರೂಪವನ್ನು ಊಹಿಸಬೇಕಾದಾಗ ೞಕಾರದ ಗತಿ ತಿಳಿಯುತ್ತದೆ. ಸಂಧಿಯಲ್ಲಿ ಪದದ ಆದಿ ಅಥವಾ ಅಂತ್ಯ ಮರೆಯಾಗಿ ಹುಡುಕಾಟ ಸೋತಾಗ ಸಂಧಿಯ ನಿಯಮ ಪರೀಕ್ಷೆಗಾಗಿ ಕಂಠಪಾಠ ಮಾಡುವ ಸಂಗತಿಯಾಗಿ ಉಳಿಯುವುದಿಲ್ಲ.

ಇದಕ್ಕೆ ಪೂರಕವಾಗಿ ನಿಘಂಟುಗಳಿವೆ. ೧೮೯೪ರಲ್ಲಿ ಪ್ರಕಟವಾದ ಕಿಟೆಲ್ ಕೋಶ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವು ಎಂದಿಗೂ ಆಧಾರಗ್ರಂಥಗಳೇ. ಅವುಗಳೊಡನೆ, ವಿ. ಕೃಷ್ಣ ಅವರು ದಶಕಗಳ ಶ್ರಮದಿಂದ ಸಿದ್ಧಪಡಿಸಿ ೨೦೧೯ರಲ್ಲಿ ಮುಕ್ತವಾಗಿ ದೊರೆತ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ೨೦೧೬ರಲ್ಲಿ ಆರಂಭಿಸಿದ ‘ಭಾರತವಾಣಿ’ ಇವು ಮೊಬೈಲಿನಲ್ಲಿಯೇ ನಿಘಂಟು ನೋಡುವ ಅಭ್ಯಾಸಕ್ಕೆ ದಾರಿ ಮಾಡಿವೆ. ಒಂದೇ ಪದಕ್ಕೆ ಎರಡು ಕೋಶಗಳು ಕೊಡುವ ಅರ್ಥಗಳನ್ನು ಹೋಲಿಸಿ, ಪ್ರಸ್ತುತ ಸಂದರ್ಭಕ್ಕೆ ಯಾವುದು ಒಪ್ಪುತ್ತದೆಂದು ಸಮರ್ಥಿಸುವುದು ಉತ್ತಮ ಅಭ್ಯಾಸವಾಗಬಲ್ಲದು.

ಮೊಬೈಲಿನ ಧ್ವನಿಮುದ್ರಣ ಸೌಲಭ್ಯ ಛಂದಸ್ಸಿನ ಪಾಠಕ್ಕೆ ನೆರವಾಗುತ್ತದೆ. ಭಾಮಿನಿ ಷಟ್ಪದಿಯ ೧, ೨, ೪, ೫ನೆಯ ಸಾಲುಗಳಲ್ಲಿ ಮೂರು-ನಾಲ್ಕು ಮಾತ್ರೆಗಳ ಗಣಜೋಡಿ ಎರಡು ಬಾರಿ ಬಂದು ೧೪ ಮಾತ್ರೆಗಳಾಗುತ್ತವೆ. ೩ ಮತ್ತು ೬ನೆಯ ಸಾಲುಗಳಲ್ಲಿ ಅದು ಮೂರು ಬಾರಿ ಬಂದು ಕೊನೆಗೊಂದು ಗುರು ಸೇರಿ ೨೩ ಮಾತ್ರೆಗಳಾಗುತ್ತವೆ. ಕುಮಾರವ್ಯಾಸನ ಪದ್ಯವನ್ನು ತಾನೇ ಓದಿ ಮುದ್ರಿಸಿಕೊಂಡು ಕೇಳಿದ ವಿದ್ಯಾರ್ಥಿಗೆ ತಾನು ಎಲ್ಲಿ ಗಣವನ್ನು ಮುರಿದೆ, ಎಲ್ಲಿ ಅರ್ಥವನ್ನು ಮುರಿದೆ ಎಂಬುದು ಕಿವಿಗೇ ತಿಳಿಯುತ್ತದೆ.

೬. ಮಿತಿಗಳು ಮತ್ತು ಎಚ್ಚರಗಳು

ಮೊದಲನೆಯದಾಗಿ, ಗಣಕೀಕೃತ ಪಠ್ಯವು ಸಾಮಾನ್ಯವಾಗಿ ಒಂದು ಮುದ್ರಿತ ಆವೃತ್ತಿಯನ್ನು ಅನುಸರಿಸುತ್ತದೆ. ಪಾಠಾಂತರಗಳು, ಅಂಕಿತದ ಗೊಂದಲಗಳು, ಸಂಪಾದಕರ ಅಡಿಟಿಪ್ಪಣಿಗಳು ಅದರಲ್ಲಿ ಬಿಟ್ಟುಹೋಗಿರಬಹುದು. ಹುಡುಕಾಟದಿಂದ ದೊರೆತ ಪ್ರಯೋಗವನ್ನು ಮುದ್ರಿತ ಪ್ರತಿಯೊಡನೆ ತಾಳೆ ನೋಡದೆ ಪ್ರಬಂಧದಲ್ಲಿ ಉಲ್ಲೇಖಿಸುವುದು ಸಂಶೋಧನೆಯ ಶಿಸ್ತಲ್ಲ. ಪದದ ಆವರ್ತನೆಯ ಸಂಖ್ಯೆಯೊಂದೇ ಸಾಹಿತ್ಯಕ ತೀರ್ಮಾನಕ್ಕೆ ಆಧಾರವಾಗಲಾರದು.

ಎರಡನೆಯದಾಗಿ, ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಸಿದ್ಧ ಟಿಪ್ಪಣಿಯ ಸಮಸ್ಯೆ ಹೊಸ ರೂಪ ಪಡೆದಿದೆ. ಇಂಥ ತಂತ್ರಾಂಶಗಳು ಹಳಗನ್ನಡ ಪದ್ಯಕ್ಕೆ ನಿರರ್ಗಳವಾದ, ಆದರೆ ತಪ್ಪಾದ ಅರ್ಥವನ್ನು ಹೇಳುವ ಸಂಭವವಿದೆ. ಅಂಥ ಉತ್ತರವೊಂದನ್ನು ತರಗತಿಗೆ ತಂದು ಪದಚ್ಛೇದ, ಅನ್ವಯ, ನಿಘಂಟುಗಳ ನೆರವಿನಿಂದ ಪರೀಕ್ಷಿಸುವುದು ನಿಷೇಧಕ್ಕಿಂತ ಫಲಪ್ರದವಾದೀತು.

ಮೂರನೆಯದಾಗಿ, ಸಾಧನದ ಅಸಮಾನತೆ. ಒಳ್ಳೆಯ ಮೊಬೈಲ್ ಇಲ್ಲದ ವಿದ್ಯಾರ್ಥಿ ಕೀಳರಿಮೆಗೆ ಒಳಗಾಗದಂತೆ ಚಟುವಟಿಕೆಯನ್ನು ಗುಂಪಿಗೆ ಒಪ್ಪಿಸಬೇಕು. ಪಠ್ಯಕಡತವನ್ನು ಮೊದಲೇ ಹಂಚಿಟ್ಟರೆ ತರಗತಿಯಲ್ಲಿ ಅಂತರಜಾಲವೇ ಬೇಕಾಗುವುದಿಲ್ಲ. ಕೆಲಸ ಮುಗಿದೊಡನೆ ಮೊಬೈಲನ್ನು ಬದಿಗಿಟ್ಟು ಚರ್ಚೆಗೆ ತೊಡಗುವುದೂ ಈ ವಿಧಾನದ ಭಾಗವೇ.

ಕೊನೆಯದಾಗಿ, ಕೃತಿಸ್ವಾಮ್ಯ. ೧೯೫೭ರ ಅಧಿನಿಯಮದಂತೆ ಲೇಖಕರ ಮರಣಾನಂತರ ೬೦ ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಬೋಧನೆಯ ಸಂದರ್ಭದ ಬಳಕೆಗೆ ೫೨ನೆಯ ಕಲಮಿನಲ್ಲಿ ಅವಕಾಶವಿದೆ. ಪ್ರಾಚೀನ ಕವಿಯ ಪದ್ಯ ಎಲ್ಲರದ್ದು. ಇತ್ತೀಚಿನ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳು ಹಾಗಲ್ಲ ಎಂಬ ವ್ಯತ್ಯಾಸವನ್ನು ಪಾಲಿಸಬೇಕು.

೭. ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಅಂಶವೆಂದರೆ, ಮೊಬೈಲ್ ತರಗತಿಯ ಗುಣಮಟ್ಟವನ್ನು ನಿರ್ಧರಿಸುವುದು ಸಾಧನದ ಬೆಲೆಯಲ್ಲ, ಅದರೊಳಗಿರುವ ಪಠ್ಯದ ರೂಪ ಮತ್ತು ಅಧ್ಯಾಪಕರು ಕೇಳುವ ಪ್ರಶ್ನೆ. ಕನ್ನಡ ವಿಭಾಗಗಳು ತಮ್ಮ ಪಠ್ಯಕ್ರಮದಲ್ಲಿರುವ ಹಳಗನ್ನಡ, ನಡುಗನ್ನಡ ಭಾಗಗಳನ್ನಾದರೂ ಱ, ೞಗಳ ಸಹಿತ ಶುದ್ಧವಾಗಿ ಯೂನಿಕೋಡ್‌ಗೆ ಅಳವಡಿಸಿ, ಮೂಲ ಆವೃತ್ತಿಯ ಪುಟಸಂಖ್ಯೆಯೊಡನೆ ಪರಸ್ಪರ ಹಂಚಿಕೊಳ್ಳುವುದು ಕಷ್ಟದ ಕೆಲಸವಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಪ್ರಾಯೋಗಿಕ ಪಾಠವಾಗಿಯೇ ಇದನ್ನು ವಹಿಸಬಹುದು. ಓಲೆಯಿಂದ ಅಚ್ಚಿಗೆ ಕಾವ್ಯವನ್ನು ತಂದ ಹಿಂದಿನ ವಿದ್ವಾಂಸರು ಒಂದೊಂದು ಅಕ್ಷರಕ್ಕೂ ಹೊಣೆ ಹೊತ್ತರು. ಅಚ್ಚಿನಿಂದ ಪರದೆಗೆ ತರುವಾಗ ಅದೇ ಹೊಣೆ ಈಗ ನಮ್ಮ ಮೇಲಿದೆ.