ಶಿಂಷೆಯ ದಡದ ಸ್ವಾಭಿಮಾನ

ಮಂಡ್ಯವೆಂದೊಡನೆ ಕಬ್ಬು ಬತ್ತಗಳ ಹಸಿರು ಕಣ್ಣಮುಂದೆ ನಿಲ್ಲುತ್ತದೆ. ಆದರೆ ಈ ಹಸಿರು ಪುರಾತನವಾದುದಲ್ಲ. ಕೃಷ್ಣರಾಜಸಾಗರದ ನೀರು ಹುಲಿಕೆರೆಯ ಸುರಂಗವನ್ನು ದಾಟಿ ಇರ್ವಿನ್ ನಾಲೆಯಲ್ಲಿ ಹರಿದು ಬರುವುದಕ್ಕೆ ಮುನ್ನ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಬಹುಭಾಗ ಮಳೆಯನ್ನೂ ಕೆರೆಯನ್ನೂ ನಂಬಿದ ರಾಗಿ, ಹುರುಳಿಯ ಹೊಲವಾಗಿತ್ತು. ಮಳವಳ್ಳಿಯ ದಕ್ಷಿಣದಲ್ಲಿ ಕಾವೇರಿಯು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಿದ್ದರೂ, 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ನೆರೆಯ ಹಳ್ಳಿಗಳ ಗುಡಿಸಲುಗಳಲ್ಲಿ ಹರಳೆಣ್ಣೆಯ ದೀಪವೇ ಉರಿಯುತ್ತಿತ್ತು!

ನಾಲೆಯ ನೀರು ಭಾಗ್ಯವನ್ನು ತಂದಿತು. ಜೊತೆಗೆ ಕಟ್ಟಳೆಯನ್ನೂ ತಂದಿತು. ಯಾವ ಜಮೀನಿನಲ್ಲಿ ಯಾವ ವರ್ಷ ಕಬ್ಬು, ಯಾವ ವರ್ಷ ಬತ್ತ, ಯಾವ ವರ್ಷ ಅರೆನೀರಾವರಿ ಬೆಳೆ ಎಂಬುದನ್ನು ಸರಕಾರವೇ ಗೊತ್ತುಪಡಿಸುವ 'ಬ್ಲಾಕ್ ಪದ್ಧತಿ' ಜಾರಿಗೆ ಬಂದಿತು. ಇದರೊಡನೆ ನೀರಾವರಿಯ ವಂತಿಗೆಯ ಹೊರೆಯೂ ಬಿದ್ದಿತು. ಬೆಲೆಗಳು ಕುಸಿದಿದ್ದ 1930ರ ದಶಕದ ಆರಂಭದಲ್ಲಿ ರೈತರು ಇದನ್ನು ಪ್ರತಿಭಟಿಸಿದರು. ಅವರಿಗೆ ಬೇಡವಾದದ್ದು ನೀರಲ್ಲ. ತಮ್ಮನ್ನು ಕೇಳದೆ ತಮ್ಮ ಹೊಲದ ಬಾಳನ್ನು ನಿರ್ಣಯಿಸುವ ಕ್ರಮ. ಎಚ್.ಕೆ. ವೀರಣ್ಣಗೌಡರಂಥವರು ಈ ಅಸಮಾಧಾನಕ್ಕೆ ದನಿಯಾದರು. 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿ ಕಬ್ಬಿಗೆ ಮಾರುಕಟ್ಟೆಯನ್ನೊದಗಿಸಿತಾದರೂ, ಪ್ರಶ್ನಿಸುವ ಅಭ್ಯಾಸ ಜನರಲ್ಲಿ ಉಳಿಯಿತು.

ಈ ಅಭ್ಯಾಸ ಇಡೀ ಸಂಸ್ಥಾನಕ್ಕೆ ಕಾಣಿಸಿದ್ದು 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಮಗ್ಗುಲಿನ ಶಿವಪುರದಲ್ಲಿ. ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನಕ್ಕೆ ಆಯ್ದ ಸ್ಥಳ ಶಿಂಷಾ ತೀರದ ಈ ಹಳ್ಳಿ. ತಿರುಮಲೇಗೌಡರು ತಮ್ಮ ಜಮೀನನ್ನು ಇದಕ್ಕಾಗಿ ಬಿಟ್ಟುಕೊಟ್ಟರು. ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜವನ್ನು ಹಾರಿಸಕೂಡದೆಂಬ ನಿಷೇಧಾಜ್ಞೆ ಹೊರಟಿತ್ತು. ಏಪ್ರಿಲ್ 11ರಂದು ಸಹಸ್ರಾರು ಜನರ ಎದುರಿನಲ್ಲಿ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೇರಿಸಿ ಬಂಧಿತರಾದರು. ಅಲ್ಲಿಗೆ ನಿಲ್ಲದೆ ಇತರರೂ ಆಜ್ಞೆಯನ್ನು ಮುರಿದು ಸೆರೆಯಾದರು. ಎತ್ತಿನ ಗಾಡಿಗಳಲ್ಲಿಯೂ ಕಾಲ್ನಡಿಗೆಯಲ್ಲಿಯೂ ಬಂದಿದ್ದ ಒಕ್ಕಲಮಕ್ಕಳಿಗೆ ರಾಜಕೀಯದ ಶಾಸ್ತ್ರ ತಿಳಿದಿತ್ತೋ ಇಲ್ಲವೋ, ಅವಮಾನದ ಅರ್ಥ ಮಾತ್ರ ಚೆನ್ನಾಗಿ ತಿಳಿದಿತ್ತು.

ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಇದೇ ಧ್ವಜದ ವಿಷಯವಾಗಿ ಗೋಲಿಬಾರು ನಡೆದು ಪ್ರಾಣಗಳು ಹೋದವು. ಮೇ ತಿಂಗಳಿನ ಪಟೇಲ್-ಮಿರ್ಜಾ ಒಪ್ಪಂದದ ಮೇರೆಗೆ ಮೈಸೂರಿನ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜಕ್ಕೂ ಅವಕಾಶ ದೊರೆಯಿತು. ಮರುವರ್ಷ, 1939ರಲ್ಲಿ, ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಅಂದು ಧ್ವಜವೇರಿದ ಶಿವಪುರದ ನೆಲದಲ್ಲಿ ಈಗ ಸತ್ಯಾಗ್ರಹ ಸೌಧವಿದೆ.