ಪ್ರೋಗ್ರಾಮು ಕೆಟ್ಟಿತು, ಪತ್ರಗಳೆಲ್ಲಿ?

ಬೆಳಿಗ್ಗೆ ಕಚೇರಿಯಲ್ಲಿ ಕಂಪ್ಯೂಟರು ತೆರೆದರೆ ಇ-ಮೇಲ್ ಪ್ರೋಗ್ರಾಮು ಏಳುವುದೇ ಇಲ್ಲ. ಎದ್ದರೂ ಒಳಗೆ ಒಂದು ಪತ್ರವೂ ಕಾಣದು. ಹೋಟೆಲಿಗೆ ದಿನಸಿ ಒದಗಿಸುವವರ ಬಿಲ್ಲುಗಳು, ಭವಿಷ್ಯ ನಿಧಿಯ ಕಾಗದಗಳು, ಹಿಂದಿನ ಮಾಲಿಕರು ಕಳುಹಿಸಿದ ಅನುಭವಪತ್ರ, ಎಲ್ಲವೂ ಹೋದುವೆಂದು ಗುಮಾಸ್ತರು ಕಂಗಾಲಾಗುವುದು ಸಹಜವೇ. ಆದರೆ ಪ್ರೋಗ್ರಾಮು ಬೇರೆ, ಪತ್ರಗಳು ಬೇರೆ. ಬೀರುವಿನ ಬೀಗ ಕೆಟ್ಟ ಮಾತ್ರಕ್ಕೆ ಒಳಗಿನ ಕಡತಗಳು ಸುಟ್ಟುಹೋಗುವುದಿಲ್ಲ.

ಪತ್ರಗಳ ಮೂಲ ಪ್ರತಿ ಎಲ್ಲಿದೆಯೆಂಬುದನ್ನು ಮೊದಲು ತಿಳಿಯಬೇಕು. ‘ಐಮ್ಯಾಪ್’ ಪದ್ಧತಿಯಲ್ಲಿ ಅದು ಕಂಪೆನಿಯ ಸರ್ವರಿನಲ್ಲಿಯೇ ಉಳಿಯುತ್ತದೆ. ಅಂಥ ಖಾತೆಯನ್ನು ಬೇರೊಂದು ಕಂಪ್ಯೂಟರಿನಿಂದ ಅಥವಾ ಮೊಬೈಲಿನಿಂದ ತೆರೆದರೆ ಪತ್ರಗಳು ಅಲ್ಲಿಯೇ ಸಿಕ್ಕುವುವು. ‘ಪಾಪ್’ ಪದ್ಧತಿಯಲ್ಲಾದರೋ ಪತ್ರಗಳು ನಮ್ಮ ಯಂತ್ರಕ್ಕೆ ಇಳಿದುಬರುತ್ತವೆ. ಸರ್ವರಿನಲ್ಲಿ ಪ್ರತಿಯನ್ನು ಉಳಿಸುವ ಏರ್ಪಾಡು ಮಾಡಿರದಿದ್ದರೆ ಅಲ್ಲಿಂದ ಅಳಿಸಿಯೂ ಹೋಗುತ್ತವೆ. ಹಾಗಾದಾಗ ನಮ್ಮ ಯಂತ್ರದ ಫೈಲೇ ಸರ್ವಸ್ವ.

ಕ್ಲಾಸಿಕ್ ಔಟ್‌ಲುಕ್ ಬಳಸುವವರು ಪಿ.ಎಸ್.ಟಿ. ಎಂಬ ಬಾಲವುಳ್ಳ ಫೈಲನ್ನು ಹುಡುಕತಕ್ಕದ್ದು. 2010ರ ಆವೃತ್ತಿಯಿಂದೀಚೆಗೆ ಅದು ಸಾಮಾನ್ಯವಾಗಿ ‘ಡಾಕ್ಯುಮೆಂಟ್ಸ್’ನೊಳಗಿನ ‘ಔಟ್‌ಲುಕ್ ಫೈಲ್ಸ್’ ಫೋಲ್ಡರಿನಲ್ಲಿರುತ್ತದೆ. ಓ.ಎಸ್.ಟಿ. ಎಂಬುದು ಸರ್ವರಿನ ಪತ್ರಗಳ ನಕಲು. ಖಾತೆ ಜೀವಂತವಿದ್ದರೆ ಅದು ಮತ್ತೆ ತುಂಬಿಕೊಳ್ಳುವುದು. ಥಂಡರ್‌ಬರ್ಡ್‌ನ ಪತ್ರಗಳು ‘ಆ್ಯಪ್‌ಡೇಟಾ’, ‘ರೋಮಿಂಗ್’, ‘ಥಂಡರ್‌ಬರ್ಡ್’, ‘ಪ್ರೊಫೈಲ್ಸ್’ ಎಂಬ ಫೋಲ್ಡರುಗಳನ್ನು ಒಂದರೊಳಗೊಂದಾಗಿ ತೆರೆದರೆ ದೊರೆಯುತ್ತವೆ. ವಿಂಡೋಸ್ ಈ ‘ಆ್ಯಪ್‌ಡೇಟಾ’ವನ್ನು ಮರೆಮಾಡಿಟ್ಟಿರುವುದರಿಂದ, ಅಡಗಿದ ಫೈಲುಗಳನ್ನು ತೋರಿಸುವ ಸೌಲಭ್ಯವನ್ನು ಮೊದಲು ತೆರೆಯಬೇಕು. ಅಲ್ಲಿ ಬಾಲವಿಲ್ಲದ ‘ಇನ್‌ಬಾಕ್ಸ್’ ಎಂಬ ಫೈಲಿನಲ್ಲಿ ಪತ್ರಗಳಿದ್ದರೆ, ಎಂ.ಎಸ್.ಎಫ್. ಬಾಲದ ಫೈಲು ಅವುಗಳ ಸೂಚಿಪಟ್ಟಿ ಮಾತ್ರ.

ಫೈಲು ಸಿಕ್ಕಿದೊಡನೆ ಮಾಡತಕ್ಕ ಕೆಲಸ ಒಂದೇ: ಪ್ರೋಗ್ರಾಮನ್ನು ಮುಚ್ಚಿ, ಆ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡುವುದು. ಥಂಡರ್‌ಬರ್ಡ್ ಆದರೆ ಪ್ರೊಫೈಲ್ ಫೋಲ್ಡರನ್ನೇ ಇಡಿಯಾಗಿ ನಕಲು ಮಾಡುವುದು ಲೇಸು. ರಿಪೇರಿ ಆಮೇಲಿನ ಮಾತು. ನಕಲಿಗೆ ಮುಂಚೆ ಯಂತ್ರವನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಅನುಮತಿ ಕೊಡಬೇಡಿರಿ. ಪತ್ರಗಳು ನಿಜವಾಗಿ ನಾಶವಾಗುವುದು ಬಹುಮಟ್ಟಿಗೆ ಈ ಅವಸರದಿಂದಲೇ. ಫೈಲೇ ಅಳಿಸಿಹೋಗಿದ್ದರೆ ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯದೆ ತಜ್ಞರ ಬಳಿಗೆ ಒಯ್ಯಬೇಕು.

ಕೆಟ್ಟ ಪಿ.ಎಸ್.ಟಿ.ಯನ್ನು ಸರಿಪಡಿಸಲು ಔಟ್‌ಲುಕ್‌ನೊಡನೆಯೇ ‘ಸ್ಕ್ಯಾನ್‌ಪಿ.ಎಸ್.ಟಿ.’ ಎಂಬ ಉಪಕರಣ ಬರುತ್ತದೆ. ಅದನ್ನು ನಕಲಿನ ಮೇಲೆ ಪ್ರಯೋಗಿಸಿರಿ. ಔಟ್‌ಲುಕ್ 2002 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳ ಫೈಲುಗಳಿಗೆ 2 ಜಿ.ಬಿ. ಮಿತಿಯಿತ್ತು, ಹಳೆಯ ಯಂತ್ರದಿಂದ ಬಂದ ಫೈಲು ಆ ಗಾತ್ರಕ್ಕೆ ಸಮೀಪಿಸಿದ್ದರೆ ಕೇಡಿನ ಕಾರಣ ಅದೇ ಇರಬಹುದು. ಥಂಡರ್‌ಬರ್ಡ್‌ನಲ್ಲಿ ಪತ್ರಗಳಿದ್ದೂ ಕಾಣದಿದ್ದರೆ, ಪ್ರೋಗ್ರಾಮು ಮುಚ್ಚಿರುವಾಗ ಸೂಚಿಪಟ್ಟಿಯ ಫೈಲನ್ನು ಮಾತ್ರ ಅಳಿಸಿದರಾಯಿತು; ಮತ್ತೆ ತೆರೆದಾಗ ಅದು ಹೊಸದಾಗಿ ರಚಿತವಾಗುತ್ತದೆ.

ಕಚೇರಿಯ ಪತ್ರಗಳು ಮಾಲಿಕರ ಸ್ವತ್ತು; ಅವುಗಳ ನಕಲಿಗೆ ಅವರ ಒಪ್ಪಿಗೆ ಬೇಕು. ಆದರೆ ಸಂಬಳದ ಚೀಟಿ, ಭವಿಷ್ಯ ನಿಧಿ, ಅನುಭವಪತ್ರ ಇವು ನಮ್ಮ ಬದುಕಿಗೆ ಸಂಬಂಧಿಸಿದ ಕಾಗದಗಳು. ಇವನ್ನು ಕಚೇರಿಯ ಯಂತ್ರವೊಂದನ್ನೇ ನಂಬಿ ಬಿಡದೆ, ಸ್ವಂತ ಖಾತೆಯಲ್ಲಿಯೂ ಒಂದು ಪ್ರತಿ ಇಟ್ಟುಕೊಳ್ಳುವುದು ವಿವೇಕ. ಊರು ಬಿಟ್ಟು ದುಡಿಯುವವನಿಗೆ ನೌಕರಿ ಬದಲಾದ ದಿನ, ಬಾಕಿ ಕೇಳಬೇಕಾದ ದಿನ ಸಾಕ್ಷಿ ನುಡಿಯುವುವು ಈ ಕಾಗದಗಳೇ. ತಿಂಗಳಿಗೊಮ್ಮೆ ಸಂಬಳ ಎಣಿಸಿಕೊಳ್ಳುವ ದಿನವೇ ಇವುಗಳ ನಕಲನ್ನೂ ತೆಗೆದಿಡುವ ರೂಢಿ ಒಳ್ಳೆಯದು.